ಜನರನ್ನು ಕೇಳುವುದಾದರೆ ಎಲ್ಲಿ ಕೇಳುವುದು? ವಾಟ್ಸಾಪ್ ಪೋಲ್‌ನಿಂದ ಡೆಸಿಡಿಮ್‌ವರೆಗೆ ಒಂದು ಹೋಲಿಕೆ

ನಮ್ಮ ಬಡಾವಣೆಯ ಪಾರ್ಕಿಗೆ ಎರಡು ಗೇಟು. ಮುಂದಿನದು ಮುಖ್ಯರಸ್ತೆಗೆ, ಹಿಂದಿನದು ಒಂದು ಗಲ್ಲಿಗೆ. ಹಿಂದಿನ ಗೇಟಿನಿಂದ ಯಾರ್ಯಾರೋ ಬರುತ್ತಾರೆ, ಮುಚ್ಚಿಬಿಡೋಣ ಅಂತ ಸಂಘದಲ್ಲಿ ಮಾತು ಬಂತು. "ಸುಮ್ನೆ ಚರ್ಚೆ ಯಾಕೆ ಸರ್, ಗ್ರೂಪಿನಲ್ಲಿ ಒಂದು ಪೋಲ್ ಹಾಕಿ" ಅಂದರು ಒಬ್ಬರು. ಹಾಕಿದೆವು. ಅಧ್ಯಕ್ಷರೇ ಮೊದಲು 'ಮುಚ್ಚಿ' ಅಂತ ಒತ್ತಿದರು. ರಾತ್ರಿ ಊಟದ ಹೊತ್ತಿಗೆ 'ಮುಚ್ಚಿ' ಎಂಬತ್ತು ದಾಟಿತ್ತು. 'ಬೇಡ' ಅಂದವರು ಒಂಬತ್ತು ಜನ. ವಾರದೊಳಗೆ ಬೀಗ ಬಿತ್ತು.

ಬೀಗ ಬಿದ್ದ ಮರುದಿನ ಬೆಳಿಗ್ಗೆ ವಾಕಿಂಗ್‌ಗೆ ಹೋದಾಗ ಗೇಟಿನ ಆಚೆ ನಾಲ್ಕೈದು ಜನ ನಿಂತಿದ್ದರು. ಮನೆಕೆಲಸಕ್ಕೆ ಬರುವ ಹೆಂಗಸರು, ಹೂ ಮಾರುವ ಅಜ್ಜಿ. ಪಾರ್ಕಿನ ಒಳಗಿಂದ ಬಂದರೆ ಅವರಿಗೆ ಐದು ನಿಮಿಷದ ದಾರಿ. ಸುತ್ತು ಹಾಕಿದರೆ ಇಪ್ಪತ್ತು ನಿಮಿಷ, ಅದೂ ಲಾರಿ ಓಡಾಡುವ ರಸ್ತೆ. "ಯಾಕಣ್ಣಾ ಬೀಗ?" ಅಂತ ಒಬ್ಬರು ಕೇಳಿದರು. "ವೋಟಿಂಗ್ ಆಯ್ತಮ್ಮ" ಅಂದೆ. "ನಮ್ಮನ್ ಯಾರ್ ಕೇಳಿದ್ರು?" ಅಂದರು.

ಆ ಗೇಟು ಬಳಸುತ್ತಿದ್ದವರು ಯಾರೂ ಗ್ರೂಪಿನಲ್ಲಿ ಇರಲಿಲ್ಲ. ಗ್ರೂಪಿನಲ್ಲಿ ಇದ್ದವರು ಯಾರೂ ಆ ಗೇಟು ಬಳಸುತ್ತಿರಲಿಲ್ಲ.

ಆವತ್ತಿನಿಂದ ನನಗೆ ಈ ಸಾಧನಗಳ ಬಗ್ಗೆ ಒಂಥರಾ ಹುಚ್ಚು ಹಿಡಿಯಿತು. ಊರಿನ ವಿಷಯದಲ್ಲಿ ಜನರನ್ನು ಆನ್‌ಲೈನ್‌ನಲ್ಲಿ ಕೇಳಬೇಕಾದರೆ ಏನೇನು ಇದೆ, ಯಾವುದು ಎಲ್ಲಿ ಕೆಲಸ ಮಾಡಿದೆ, ಎಲ್ಲಿ ಕೈಕೊಟ್ಟಿದೆ ಅಂತ ಹುಡುಕುತ್ತಾ ಹೋದೆ. ನಿಮ್ಮದು ಬಡಾವಣೆಯ ಸಂಘ ಇರಬಹುದು, ವಾರ್ಡ್ ಸಮಿತಿ ಇರಬಹುದು, ಗ್ರಾಮ ಪಂಚಾಯಿತಿ ಇರಬಹುದು, ಯಾವುದೋ ಇಲಾಖೆಯ ಕಚೇರಿಯೇ ಇರಬಹುದು. ಆರಿಸುವ ಮೊದಲು ಇದನ್ನು ಒಮ್ಮೆ ಓದಿ.

ಮೊದಲು ಎರಡು ಪ್ರಶ್ನೆ

"ಯಾವ ಆ್ಯಪ್ ಒಳ್ಳೇದು?" ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು ಎರಡೇ.

ಕೊನೆಗೆ ಉತ್ತರ ಕೊಡಬೇಕಾದವರು ಯಾರು? ಜನ ಹೇಳಿದ್ದಕ್ಕೆ "ಆಗುತ್ತದೆ" ಅಥವಾ "ಆಗಲ್ಲ, ಕಾರಣ ಇದು" ಅಂತ ಸಹಿ ಹಾಕಿ ಹೇಳುವ ಒಬ್ಬರು ಬೇಕು. ಅವರು ಸಿಗದಿದ್ದರೆ ಎಷ್ಟು ಚೆನ್ನಾದ ವೇದಿಕೆ ತಂದರೂ ಅದು ಖಾಲಿ ಸಲಹಾ ಪೆಟ್ಟಿಗೆ.

ನಿಮಗೆ ಬೇಕಿರುವುದು ಏನು? ಎಷ್ಟು ಜನ ಒಪ್ಪುತ್ತಾರೆ ಅನ್ನುವ ಲೆಕ್ಕವಾ? ನಿಮಗೆ ಗೊತ್ತಿಲ್ಲದ ಮಾಹಿತಿಯಾ? ಹೊಸ ಸಲಹೆಯಾ? ಜಗಳವಾಡುತ್ತಿರುವ ಎರಡು ಗುಂಪಿನ ನಡುವೆ ಒಂದು ರಾಜಿಯಾ? ಇರುವ ದುಡ್ಡನ್ನು ಯಾವ ಕೆಲಸಕ್ಕೆ ಹಾಕಬೇಕು ಅನ್ನುವ ತೀರ್ಮಾನವಾ? ಈ ಐದಕ್ಕೂ ಬೇರೆ ಬೇರೆ ಸಾಧನ ಬೇಕು. ನಾವು ಮಾಡಿದ ತಪ್ಪು ಅದೇ. ನಮಗೆ ಬೇಕಿದ್ದದ್ದು ಮಾಹಿತಿ, ಆ ಗೇಟಿನಲ್ಲಿ ಯಾರು ಓಡಾಡುತ್ತಾರೆ ಅಂತ. ನಾವು ಮಾಡಿದ್ದು ಲೆಕ್ಕ.

ಇನ್ನೊಂದು ಮಾತು. ರಸ್ತೆ ಗುಂಡಿಯ ಫೋಟೋ ಹಾಕುವ ಆ್ಯಪ್, ಕಸ ತೆಗೆದಿಲ್ಲ ಅಂತ ಟಿಕೆಟ್ ಹಾಕುವ ಸಹಾಯವಾಣಿ, ಇವೆಲ್ಲ ದೂರಿನ ಸಾಧನಗಳು. ಬೇಕು, ಖಂಡಿತ ಬೇಕು. ಆದರೆ ಗುಂಡಿ ಮುಚ್ಚಿ ಅನ್ನುವುದು ಒಂದು, ಆ ರಸ್ತೆ ಅಗಲ ಮಾಡಬೇಕೋ ಫುಟ್‌ಪಾತ್ ಮಾಡಬೇಕೋ ಅಂತ ಕೂತು ತೀರ್ಮಾನಿಸುವುದು ಇನ್ನೊಂದು. ಇಲ್ಲಿ ಹೇಳುತ್ತಿರುವುದು ಎರಡನೆಯದರ ಬಗ್ಗೆ.

ವಾಟ್ಸಾಪ್ ಪೋಲ್: ದಿನ ಗೊತ್ತು ಮಾಡುವುದಕ್ಕೆ ಸಾಕು

ಖರ್ಚಿಲ್ಲ, ಕಲಿಸಬೇಕಾಗಿಲ್ಲ, ಎಲ್ಲರ ಕೈಯಲ್ಲೂ ಇದೆ. ಸಭೆ ಶನಿವಾರವಾ ಭಾನುವಾರವಾ ಅಂತ ಕೇಳುವುದಕ್ಕೆ ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ.

ಅದಕ್ಕಿಂತ ದೊಡ್ಡ ವಿಷಯಕ್ಕೆ ಬೇಡ. ಗ್ರೂಪಿನಲ್ಲಿ ಇಲ್ಲದವರು ಹೊರಗೆ, ಅದು ಆಗಲೇ ಹೇಳಿದೆ. ಎರಡನೆಯ ತೊಂದರೆ ಜಾಸ್ತಿ ಜನರಿಗೆ ಹೊಳೆಯುವುದಿಲ್ಲ: ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಅಧ್ಯಕ್ಷರು ಒಂದು ಕಡೆ ಒತ್ತಿದ ಮೇಲೆ, ಅವರ ಪಕ್ಕದ ಮನೆಯವರು ಇನ್ನೊಂದು ಕಡೆ ಒತ್ತುತ್ತಾರಾ? ನಮ್ಮ ಪೋಲ್‌ನಲ್ಲಿ 'ಬೇಡ' ಅಂದ ಒಂಬತ್ತು ಜನರಲ್ಲಿ ಇಬ್ಬರು ಮರುದಿನ ತಮ್ಮ ಒತ್ತು ಬದಲಾಯಿಸಿದ್ದರು. ಕೇಳಿದರೆ, "ಸುಮ್ನೆ ಯಾಕೆ ಸರ್ ನಿಷ್ಠುರ" ಅಂದರು.

ಗೂಗಲ್ ಫಾರ್ಮ್: ಪ್ರಶ್ನೆ ಚೆನ್ನಾಗಿದ್ದರೆ ಚಿನ್ನ

ಇದೂ ಬಿಟ್ಟಿ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಕನ್ನಡದಲ್ಲೇ ಪ್ರಶ್ನೆ ಹಾಕಬಹುದು. ಮಾಹಿತಿ ಬೇಕಾದಾಗ ನನ್ನ ಮೊದಲ ಆಯ್ಕೆ ಇದೇ.

ಆದರೆ ಫಾರ್ಮಿನ ಹಣೆಬರಹ ಪ್ರಶ್ನೆಯಲ್ಲಿದೆ. "ಭದ್ರತೆಯ ದೃಷ್ಟಿಯಿಂದ ಹಿಂದಿನ ಗೇಟನ್ನು ಮುಚ್ಚಬೇಕೇ?" ಅಂತ ಕೇಳಿದರೆ ಭದ್ರತೆ ಬೇಡ ಅನ್ನುವವರು ಯಾರು? ಉತ್ತರ ಪ್ರಶ್ನೆಯೊಳಗೇ ಕೂತಿದೆ. ಅದರ ಬದಲು ಹೀಗೆ ಕೇಳಿ: "ನೀವು ಹಿಂದಿನ ಗೇಟು ಬಳಸುತ್ತೀರಾ? ಯಾವ ಹೊತ್ತಿನಲ್ಲಿ? ಅದು ಮುಚ್ಚಿದರೆ ನಿಮಗೆ ಏನು ತೊಂದರೆ? ತೆರೆದಿದ್ದರೆ ಏನು ತೊಂದರೆ?" ಈ ನಾಲ್ಕಕ್ಕೆ ಬರುವ ಮೂವತ್ತು ಉತ್ತರ, 'ಹೌದು-ಇಲ್ಲ'ದ ಮುನ್ನೂರು ಉತ್ತರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಒಬ್ಬರಿಗೆ ಒಂದೇ ಸಲ ಅಂತ ಕಟ್ಟು ಹಾಕಬೇಕಾದರೆ ಗೂಗಲ್ ಖಾತೆಯಿಂದ ಲಾಗಿನ್ ಆಗಿ ಅನ್ನಬೇಕಾಗುತ್ತದೆ. ಅಲ್ಲಿಗೆ ಅರ್ಧ ಜನ ವಾಪಸ್. ಕಟ್ಟು ಹಾಕದಿದ್ದರೆ ಒಬ್ಬರೇ ಕೂತು ಇಪ್ಪತ್ತು ಸಲ ಕಳಿಸಬಹುದು. ಲೆಕ್ಕ ಮುಖ್ಯವಲ್ಲ, ಮಾಹಿತಿ ಮುಖ್ಯ ಅಂದರೆ ಕಟ್ಟು ಬಿಡಿ. ಮತ್ತೆ, ದಯವಿಟ್ಟು ಆಧಾರ್ ನಂಬರ್ ಕೇಳಬೇಡಿ. ಒಂದು ಬೆಂಚು ಎಲ್ಲಿ ಹಾಕಬೇಕು ಅಂತ ಹೇಳುವುದಕ್ಕೆ ಆಧಾರ್ ಯಾಕೆ? ಸಂಗ್ರಹಿಸಿದ ನಂಬರು ಎಲ್ಲೋ ಸೋರಿದರೆ ಹೊಣೆ ನಿಮ್ಮದು.

ಫಾರ್ಮಿನ ದೊಡ್ಡ ಕೊರತೆ ಏನೆಂದರೆ ಜನ ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳುವುದಿಲ್ಲ. ಎಲ್ಲರೂ ತಮ್ಮ ತಮ್ಮ ಕೋಣೆಯಿಂದ ನಿಮಗೆ ಪತ್ರ ಬರೆದ ಹಾಗೆ. ಓದಿದವರು ನೀವೊಬ್ಬರೇ. ನೀವು ಏನು ಓದಿದಿರಿ ಅಂತ ಅವರಿಗೆ ತಿಳಿಯಬೇಕಾದರೆ ಉತ್ತರಗಳ ಸಾರಾಂಶವನ್ನು ನೀವೇ ಹೊರಗೆ ಹಾಕಬೇಕು.

ಇಮೇಲ್ ಮತ್ತು ಆಕ್ಷೇಪಣೆ: ಹಳೆಯದು, ಆದರೆ ಕಾನೂನಿನ ಬಲ ಇರುವುದು ಇದಕ್ಕೇ

ನೋಡಲು ಬೋರು. ಆದರೂ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಮ್ಮ ದೇಶದಲ್ಲಿ ನಿಜವಾದ ತೀರ್ಮಾನಗಳು ತಿರುಗಿದ್ದು ಬಹುಪಾಲು ಇಲ್ಲೇ. ಕರಡು ಪ್ರಕಟಿಸಿ, ಇಷ್ಟು ದಿನದೊಳಗೆ ಆಕ್ಷೇಪಣೆ ಕಳಿಸಿ ಅನ್ನುವ ಪದ್ಧತಿ ಎಷ್ಟೋ ಕಾಯ್ದೆಗಳಲ್ಲಿ ಇದೆ. ಕೇಂದ್ರ ಸರ್ಕಾರ 2014ರಲ್ಲಿ ತಂದ ಶಾಸನಪೂರ್ವ ಸಮಾಲೋಚನಾ ನೀತಿಯೂ, ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದೆ ಇಡಬೇಕು ಅನ್ನುತ್ತದೆ. ಎಲ್ಲ ಮಸೂದೆಗೂ ಅದು ಪಾಲನೆ ಆಗುತ್ತಿಲ್ಲ, ಆ ಮಾತು ಬೇರೆ.

ಮೂರು ಕತೆ ನೋಡಿ.

ಬೆಂಗಳೂರಿನ ಉಕ್ಕಿನ ಮೇಲ್ಸೇತುವೆ ನೆನಪಿದೆಯಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ, ಸುಮಾರು 6.7 ಕಿಲೋಮೀಟರ್, 1,791 ಕೋಟಿ ರೂಪಾಯಿ, ಕಡಿಯಬೇಕಾದದ್ದು ಎಂಟುನೂರಕ್ಕೂ ಹೆಚ್ಚು ಮರ. 2016ರಲ್ಲಿ ಅಭಿಪ್ರಾಯ ಕಳಿಸಿ ಅಂತ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಕೇಳಿತು. ಬಂದ ಪ್ರತಿಕ್ರಿಯೆ 299. ಅದರಲ್ಲಿ ಶೇ 73 ಮಂದಿ ಯೋಜನೆಯ ಪರ ಅಂತ ಸರ್ಕಾರ ಹೇಳಿತು. ಒಂದು ಕೋಟಿ ಜನರ ಊರಿನಲ್ಲಿ 299! ಪ್ರಶ್ನೆ ಎಲ್ಲಿ ಕೇಳಿದರು ಅಂತ ಬಹಳ ಜನಕ್ಕೆ ಗೊತ್ತೇ ಇರಲಿಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯ ಪಕ್ಕ ಕೈ ಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಯೋಜನೆ ರದ್ದಾಯಿತು. ಇಮೇಲ್‌ನಲ್ಲಿ ಶೇ 73ರಷ್ಟು ಗೆದ್ದದ್ದು ಬೀದಿಯಲ್ಲಿ ಸೋತಿತು. ಉತ್ತರಿಸಿದವರ ಲೆಕ್ಕಕ್ಕೆ ಬೆಲೆ ಬರಬೇಕಾದರೆ, ಕೇಳಿದ್ದೇವೆ ಅನ್ನುವುದು ಊರಿಗೆ ಗೊತ್ತಾಗಬೇಕು.

ಎರಡನೆಯದು ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್ ಕೊಡುವ ಕಂಪನಿಗಳು ಎಲ್ಲ ತಾಣಗಳನ್ನೂ ಒಂದೇ ಸಮ ಕಾಣಬೇಕು ಅನ್ನುವ ವಾದ. 2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 118 ಪುಟದ ಸಮಾಲೋಚನಾ ಪತ್ರ ಹೊರಡಿಸಿತು. ಅದರಲ್ಲಿ 20 ಪ್ರಶ್ನೆ. ಸಾಮಾನ್ಯ ಓದುಗರಿಗೆ ತಲೆಬುಡ ಅರ್ಥವಾಗದಂಥದ್ದು. ಕೆಲವು ಸ್ವಯಂಸೇವಕರು ಕೂತು ಆ ಇಪ್ಪತ್ತಕ್ಕೂ ಉತ್ತರ ಬರೆದು, ಒಂದು ಗುಂಡಿ ಒತ್ತಿದರೆ ಇಮೇಲ್ ಹೋಗುವ ಹಾಗೆ ಮಾಡಿದರು. 10 ಲಕ್ಷಕ್ಕೂ ಹೆಚ್ಚು ಇಮೇಲ್ ಹೋಯಿತು. (ಟ್ರಾಯ್ ಅವನ್ನೆಲ್ಲ ಪ್ರಕಟಿಸುವಾಗ ಕಳಿಸಿದವರ ಇಮೇಲ್ ವಿಳಾಸವನ್ನೂ ಹಾಗೇ ಹಾಕಿಬಿಟ್ಟಿತು. ಎಷ್ಟು ಬೈಗುಳ ಬಿತ್ತು ಅಂತೀರಿ! ನೀವು ಆ ತಪ್ಪು ಮಾಡಬೇಡಿ.) ಅದೇ ವರ್ಷದ ಕೊನೆಗೆ ದರ ತಾರತಮ್ಯದ (ಒಂದೊಂದು ತಾಣಕ್ಕೆ ಒಂದೊಂದು ಡೇಟಾ ದರ) ಬಗ್ಗೆ ಟ್ರಾಯ್ ಮತ್ತೊಂದು ಪತ್ರ ತಂದಾಗ, ಫೇಸ್‌ಬುಕ್ ಆಯ್ದ ಕೆಲವು ತಾಣಗಳನ್ನಷ್ಟೇ ಬಿಟ್ಟಿ ಕೊಡುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರಿಂದ ಅಪಾರ ಸಂಖ್ಯೆಯಲ್ಲಿ ಪತ್ರ ಕಳಿಸಿತು. ಆದರೆ ಅವು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ನಾನು ಫ್ರೀ ಬೇಸಿಕ್ಸ್ ಬೆಂಬಲಿಸುತ್ತೇನೆ ಅನ್ನುವ ಧಾಟಿ, ಅಷ್ಟೇ. ಸಮಾಲೋಚನೆಯನ್ನು ಅಭಿಪ್ರಾಯ ಸಮೀಕ್ಷೆಯ ಮಟ್ಟಕ್ಕೆ ಇಳಿಸಬೇಡಿ ಅಂತ ಟ್ರಾಯ್ ಖಾರವಾಗಿಯೇ ಬರೆಯಿತು. 2016ರ ಫೆಬ್ರುವರಿ 8ರಂದು ಬಂದ ನಿಯಮ ದರ ತಾರತಮ್ಯವನ್ನು ನಿಷೇಧಿಸಿತು. ಎರಡೂ ಕಡೆ ಸಿದ್ಧ ಪತ್ರವೇ. ಆದರೆ ಒಂದು, ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು.

ಮೂರನೆಯದು ಭಾಷೆಯದ್ದು. 2020ರಲ್ಲಿ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ (ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ನಿಯಮ) ಕರಡು ಬಂತು. ಕೊರೋನಾ ಲಾಕ್‌ಡೌನ್ ಸಮಯ. ಕರಡು ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಗಣಿ, ಅಣೆಕಟ್ಟು, ಕಾರ್ಖಾನೆ ಬರುವುದು ಯಾವ ಊರಿಗೆ? ಆ ಊರಿನವರು ಓದುವುದು ಯಾವ ಭಾಷೆ? ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಿಗೆಲ್ಲ ಅನುವಾದ ಮಾಡಿಸಿ ಅಂತ ದೆಹಲಿ ಹೈಕೋರ್ಟ್ ಜೂನ್ ಕೊನೆಯಲ್ಲಿ ಹೇಳಿತು, ಗಡುವನ್ನೂ ಆಗಸ್ಟ್ 11ರವರೆಗೆ ಮುಂದೆ ಹಾಕಿತು. ಕರ್ನಾಟಕ ಹೈಕೋರ್ಟ್ ಕೂಡ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಕರಡು ಕನ್ನಡದಲ್ಲಿ ಜನರಿಗೆ ಸಿಕ್ಕಿಲ್ಲ ಅನ್ನುವುದು ಅಲ್ಲಿನ ಮುಖ್ಯ ತಕರಾರು. ಲಕ್ಷಗಟ್ಟಲೆ ಇಮೇಲ್ ಬಂದಿತ್ತು ನಿಜ. ಆದರೂ ಯಾರ ಊರಿಗೆ ಯೋಜನೆ ಬರುತ್ತದೋ ಅವರಿಗೆ ಓದಲಾಗದ ಕಾಗದ ಹಿಡಿದು ಅಭಿಪ್ರಾಯ ಕೇಳಿದೆವು ಅನ್ನಲಾಗದು, ಅಲ್ವಾ?

ಆದ್ದರಿಂದ ಕಾನೂನಿನ ಪ್ರಕಾರ ಆಕ್ಷೇಪಣೆಗೆ ಅವಕಾಶ ಇರುವ ವಿಷಯವಾದರೆ ಬೇರೆ ಯಾವ ವೇದಿಕೆಯೂ ಇದಕ್ಕೆ ಬದಲಿ ಅಲ್ಲ. ನಿಮ್ಮ ಶಕ್ತಿಯನ್ನು ಕರಡನ್ನು ಸರಳ ಕನ್ನಡದಲ್ಲಿ ಬಿಡಿಸಿ ಹೇಳುವುದಕ್ಕೆ, ಪ್ರತಿ ಪ್ರಶ್ನೆಗೆ ಉತ್ತರ ಬರೆಯಲು ಜನಕ್ಕೆ ಸಹಾಯ ಮಾಡುವುದಕ್ಕೆ ಹಾಕಿ.

ಆನ್‌ಲೈನ್ ಅರ್ಜಿ: ಸಹಿ ಎಷ್ಟು ಅನ್ನುವುದಕ್ಕಿಂತ ಸಹಿ ಆದ ಮೇಲೆ ಏನು

ಚೇಂಜ್ ಡಾಟ್ ಆರ್ಗ್ ಥರದ ಕಡೆ ಸಹಿ ಸಂಗ್ರಹಿಸಬಹುದು. ಪತ್ರಿಕೆಯವರ ಕಣ್ಣಿಗೆ ಬೀಳುವುದಕ್ಕೆ ಒಳ್ಳೆಯದು. ಐವತ್ತು ಸಾವಿರ ಸಹಿ ಆದರೂ ಯಾವ ಅಧಿಕಾರಿಗೂ ಉತ್ತರ ಕೊಡಲೇಬೇಕು ಅನ್ನುವ ಕಟ್ಟು ಇಲ್ಲ. ಸಹಿ ಹಾಕಿದವರು ನಿಮ್ಮ ಊರಿನವರೇ ಅನ್ನುವ ಖಾತ್ರಿಯೂ ಇಲ್ಲ.

ಇದನ್ನೇ ಸರ್ಕಾರ ನಡೆಸಿದರೆ ಬೇರೆ ಕತೆ. ಬ್ರಿಟನ್ ಸಂಸತ್ತಿನ ಅರ್ಜಿ ತಾಣದಲ್ಲಿ 10,000 ಸಹಿ ಆದರೆ ಸರ್ಕಾರ ಉತ್ತರ ಕೊಡುತ್ತದೆ, 1 ಲಕ್ಷ ಆದರೆ ಚರ್ಚೆಗೆ ಪರಿಗಣಿಸುತ್ತಾರೆ. ತೈವಾನ್‌ನ 'ಜಾಯಿನ್' ತಾಣದಲ್ಲಿ 60 ದಿನದಲ್ಲಿ 5,000 ಸಹಿ ಆದರೆ ಸಂಬಂಧಪಟ್ಟ ಸಚಿವಾಲಯ ಲಿಖಿತ ಉತ್ತರ ಕೊಡಬೇಕು. ಅಲ್ಲಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳ ವಿರುದ್ಧ ಒಂದು ಅರ್ಜಿ ಬಂತು. ಹಾಕಿದ್ದು ಹದಿನಾರರ ಹುಡುಗಿ. ಸಚಿವಾಲಯದವರು ಅವಳನ್ನೂ ತಯಾರಕರನ್ನೂ ಒಟ್ಟಿಗೆ ಕೂರಿಸಿ ಮಾತಾಡಿದರು. ಫಾಸ್ಟ್‌ಫುಡ್ ಹೋಟೆಲು, ಮಾಲ್‌ಗಳಂಥ ಕಡೆ ಕೂತು ಕುಡಿಯುವವರಿಗೆ ಪ್ಲಾಸ್ಟಿಕ್ ಸ್ಟ್ರಾ ಕೊಡುವುದನ್ನು 2019ರಲ್ಲಿ ನಿಲ್ಲಿಸಿದರು.

ಹಾಗಂತ ಸಹಿ ಜಾಸ್ತಿ ಆದಷ್ಟೂ ಬಲ ಅಂತಲ್ಲ. ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಹೊರಬರುವುದು) ಬೇಡ ಅಂತ 2019ರಲ್ಲಿ ಅದೇ ಬ್ರಿಟನ್ ತಾಣದಲ್ಲಿ 60 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಉತ್ತರ ಬಂತು, ಚರ್ಚೆಯೂ ಆಯಿತು. ಸರ್ಕಾರ ಜಗ್ಗಲಿಲ್ಲ. ಅರ್ಜಿ ಅನ್ನುವುದು ಬಾಗಿಲು ತಟ್ಟುವ ಸಾಧನ. ಬಾಗಿಲು ತೆರೆದ ಮೇಲೆ ಮಾತಾಡುವುದಕ್ಕೆ ಬೇರೆ ಬೇಕು.

ನಮ್ಮ ಕೇಂದ್ರ ಸರ್ಕಾರದ ಮೈಗವ್ ತಾಣವನ್ನು (2014ರ ಜುಲೈನಲ್ಲಿ ಶುರುವಾದದ್ದು) ಇಲ್ಲೇ ಹೇಳಿಬಿಡುತ್ತೇನೆ. ಲಾಂಛನದ ಸ್ಪರ್ಧೆ, ಘೋಷವಾಕ್ಯ, ಬಜೆಟ್ಟಿಗೆ ಸಲಹೆ, ಇಂಥವಕ್ಕೆ ಚೆನ್ನಾಗಿದೆ. ಇಂತಿಷ್ಟು ಸಹಿ ಆದರೆ ಉತ್ತರ ಕೊಡಲೇಬೇಕು ಅನ್ನುವ ಗಡಿ ಅಲ್ಲಿಲ್ಲ. ನಿಮ್ಮ ಬೀದಿಯ ವಿಷಯಕ್ಕೆ ಅದು ದೂರದ ಮಾತು.

ಪೋಲಿಸ್: ಜಗಳ ಇದ್ದಲ್ಲಿ ಇದನ್ನು ನೋಡಿ

ಠಾಣೆಯ ಪೊಲೀಸ್ ಅಲ್ಲ ಮಾರಾಯ್ರೇ. ಇದು ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ಒಂದು ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಂಡು ಬಳಸಬಹುದಾದದ್ದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಹಾಗಾಗಿ ಸ್ವಲ್ಪ ಪಕ್ಷಪಾತ ಇದೆ, ಲೆಕ್ಕಕ್ಕೆ ಇಟ್ಟುಕೊಳ್ಳಿ.

ಹೇಗೆ ನಡೆಯುತ್ತದೆ ಅಂದರೆ, ಪರದೆಯ ಮೇಲೆ ಯಾರೋ ಬರೆದ ಒಂದು ಚಿಕ್ಕ ಮಾತು ಬರುತ್ತದೆ. 'ಒಪ್ಪುತ್ತೇನೆ', 'ಒಪ್ಪಲ್ಲ', 'ಮುಂದೆ', ಮೂರರಲ್ಲಿ ಒಂದು ಒತ್ತಬೇಕು. ಒತ್ತಿದರೆ ಇನ್ನೊಂದು ಮಾತು. ನೀವೂ ಒಂದು ಮಾತು ಸೇರಿಸಬಹುದು, ಅದಕ್ಕೆ ಬೇರೆಯವರು ಒತ್ತುತ್ತಾರೆ. ಒಂದು ಗುಂಡಿ ಮಾತ್ರ ಇಲ್ಲವೇ ಇಲ್ಲ: 'ಉತ್ತರಿಸಿ'. ಯಾರ ಮಾತಿಗೂ ತಿರುಗಿ ಬೈಯಲು ಆಗುವುದಿಲ್ಲ. ನಮ್ಮ ಗ್ರೂಪುಗಳಲ್ಲಿ ರಾತ್ರಿ ಹನ್ನೊಂದಕ್ಕೆ ನಡೆಯುವ ಯುದ್ಧ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಒತ್ತಿದ ರೀತಿ ನೋಡಿಕೊಂಡು ಅದು ಜನರನ್ನು ಗುಂಪು ಗುಂಪಾಗಿ ಚಿತ್ರದಲ್ಲಿ ತೋರಿಸುತ್ತದೆ. ಇಲ್ಲಿ ಒಂದು ಗುಂಪು, ಅಲ್ಲಿ ಒಂದು ಗುಂಪು. ಜೊತೆಗೆ ಎರಡೂ ಗುಂಪು ಒಪ್ಪಿದ ಮಾತುಗಳನ್ನು ಎತ್ತಿ ಕೊಡುತ್ತದೆ. ತೈವಾನ್‌ನಲ್ಲಿ 2014ರ ವಿದ್ಯಾರ್ಥಿ ಚಳವಳಿಯ ನಂತರ ಶುರುವಾದ 'ವಿತೈವಾನ್' ಅನ್ನುವ ಪ್ರಯತ್ನ, 2015ರಲ್ಲಿ ಊಬರ್ ಜಗಳಕ್ಕೆ ಇದನ್ನು ಬಳಸಿತು. ಶುರುವಿನಲ್ಲಿ ಊಬರ್ ಬೇಕು ಅನ್ನುವವರು ಒಂದು ಮೂಲೆ, ಬೇಡ ಅನ್ನುವವರು ಇನ್ನೊಂದು ಮೂಲೆ. ವಾರಗಳು ಕಳೆದಂತೆ ಎರಡೂ ಕಡೆಯವರು ಒಪ್ಪುವ ಮಾತುಗಳು ಮೇಲೆ ಬಂದವು: ಪ್ರಯಾಣಿಕರಿಗೆ ವಿಮೆ ಇರಬೇಕು, ಚಾಲಕರಿಗೆ ಸರಿಯಾದ ಪರವಾನಗಿ ಇರಬೇಕು ಅನ್ನುವಂಥವು. ಅದನ್ನು ಹಿಡಿದುಕೊಂಡೇ ಸರ್ಕಾರ ಕಂಪನಿಯ ಜೊತೆ, ಟ್ಯಾಕ್ಸಿಯವರ ಜೊತೆ ಮಾತಿಗೆ ಕೂತಿತು.

ಊನವೂ ಇದೆ. ಜನ ತೀರಾ ಕಡಿಮೆ ಇದ್ದರೆ ಚಿತ್ರ ಸರಿಯಾಗಿ ಮೂಡುವುದಿಲ್ಲ. ಒಂದು ಮಾತಿನಲ್ಲಿ ಒಂದೇ ವಿಷಯ ಇರಬೇಕು. 'ಗೇಟು ತೆರೆದಿರಲಿ, ಆದರೆ ನಾಯಿ ತರಬಾರದು' ಅಂದರೆ ಒಪ್ಪುವುದು ಯಾವುದಕ್ಕೆ? ಯಾರಾದರೂ ಕೂತು ಬರುವ ಮಾತುಗಳನ್ನು ಸೋಸಬೇಕು. ಮುಖ್ಯವಾಗಿ, ಬಂದ ಫಲಿತಾಂಶಕ್ಕೆ ಸರ್ಕಾರ ಬದ್ಧವಲ್ಲ. ವಿತೈವಾನ್ ಕೂಡ ಕೆಲವು ವರ್ಷದ ನಂತರ ಮಂಕಾಯಿತು, ಅಧಿಕಾರಿಗಳು ಅದನ್ನು ಬಳಸಲೇಬೇಕು ಅನ್ನುವ ಕಟ್ಟು ಇರಲಿಲ್ಲ.

ರೇಕ್ಯಾವಿಕ್, ಮ್ಯಾಡ್ರಿಡ್, ಬಾರ್ಸಿಲೋನಾ: ನಗರಪಾಲಿಕೆಗೆ ತಕ್ಕವು

ಇವು ಸಂಘಗಳಿಗೆ ಅಲ್ಲ. ಪಾಲಿಕೆಯೋ ದೊಡ್ಡ ಪುರಸಭೆಯೋ ಸಿಬ್ಬಂದಿ ಇಟ್ಟು ನಡೆಸಬೇಕಾದಂಥವು.

ಐಸ್‌ಲ್ಯಾಂಡ್‌ನ ರೇಕ್ಯಾವಿಕ್ ನಗರ 2010ರಿಂದ ಬಳಸುತ್ತಿರುವ ತಾಣದಲ್ಲಿ ಒಂದು ಜಾಣತನ ಇದೆ. ಯಾವುದೇ ಸಲಹೆಯ ಕೆಳಗೆ ಎರಡು ಕಾಲಂ: ಎಡಕ್ಕೆ ಪರವಾದ ಕಾರಣ, ಬಲಕ್ಕೆ ವಿರುದ್ಧದ ಕಾರಣ. ವಿರೋಧಿಯ ಮಾತು ಹಿಡಿಸಲಿಲ್ಲವಾ? ಅವರಿಗೆ ಬೈಯಬೇಡಿ, ನಿಮ್ಮ ಕಡೆ ಇನ್ನೂ ಗಟ್ಟಿ ಕಾರಣ ಬರೆಯಿರಿ. ಮೇಲೆ ಬಂದ ಸಲಹೆಗಳನ್ನು ನಗರಾಡಳಿತ ಕೈಗೆತ್ತಿಕೊಂಡು ನೋಡುತ್ತದೆ. ಇದರ ತಂತ್ರಾಂಶವೂ ಮುಕ್ತವೇ. ಮೂರರಲ್ಲಿ ಸಣ್ಣ ಊರಿಗೆ ನಾನು ಇದನ್ನೇ ಹೇಳುವೆ, ನೋಡಿದ ಕೂಡಲೇ ಅರ್ಥವಾಗುತ್ತದೆ.

ಮ್ಯಾಡ್ರಿಡ್ 2015ರಲ್ಲಿ ಶುರು ಮಾಡಿದ್ದು ಕಾನ್ಸುಲ್ ಅನ್ನುವ ತಂತ್ರಾಂಶದ ಮೇಲೆ. ಅಲ್ಲಿ ಎರಡು ಬಾಗಿಲು. ಒಂದು, ಯಾರು ಬೇಕಾದರೂ ಪ್ರಸ್ತಾವ ಹಾಕಬಹುದು, ನಗರದ 16 ವರ್ಷ ಮೀರಿದವರಲ್ಲಿ ಶೇ 1ರಷ್ಟು, ಅಂದರೆ ಸುಮಾರು 27 ಸಾವಿರ ಜನ ಬೆಂಬಲಿಸಿದರೆ ಅದು ಮತಕ್ಕೆ ಹೋಗುತ್ತದೆ. ಸಾವಿರಾರು ಪ್ರಸ್ತಾವ ಬಂದವು. 2017ರ ಮತದಾನದ ಹೊತ್ತಿಗೆ ಗಡಿ ಮುಟ್ಟಿದ್ದು ಎರಡೇ! ಇನ್ನೊಂದು ಬಾಗಿಲು ಬಜೆಟ್. ನಗರದ ದುಡ್ಡಿನಲ್ಲಿ ಒಂದು ಪಾಲು, 2016ರಲ್ಲಿ 6 ಕೋಟಿ ಯೂರೋ, ಮುಂದಿನ ವರ್ಷ 10 ಕೋಟಿ, ಜನ ಆರಿಸಿದ ಕೆಲಸಕ್ಕೆ. ಈ ಎರಡನೆಯದೇ ಜನಕ್ಕೆ ಹಿಡಿಸಿತು. ದುಡ್ಡು ಇಷ್ಟು, ಗಡುವು ಇಷ್ಟು, ಗೆದ್ದದ್ದು ಆಗುತ್ತದೆ. ಪ್ರಸ್ತಾವಕ್ಕೆ ಎಟುಕದ ಗಡಿ ಇಟ್ಟರೆ ಜನ ಎರಡು ಸಲ ಹಾಕುತ್ತಾರೆ, ಮೂರನೇ ಸಲ ಆ ಕಡೆ ತಲೆ ಹಾಕುವುದಿಲ್ಲ.

ಬಾರ್ಸಿಲೋನಾದ್ದು ಡೆಸಿಡಿಮ್. ಕ್ಯಾಟಲಾನ್ ಭಾಷೆಯಲ್ಲಿ 'ನಾವು ತೀರ್ಮಾನಿಸುತ್ತೇವೆ' ಅಂತ ಅರ್ಥ. 2016ರಲ್ಲಿ ನಗರದ ನಾಲ್ಕು ವರ್ಷದ ಯೋಜನೆಗೆ 10 ಸಾವಿರಕ್ಕೂ ಹೆಚ್ಚು ಪ್ರಸ್ತಾವ ಬಂದವು. ಇದರ ಹೆಚ್ಚುಗಾರಿಕೆ ಎರಡು. ಬೀದಿ ಸಭೆಯಲ್ಲಿ ಬಂದ ಮಾತನ್ನೂ ಇದೇ ತಾಣದಲ್ಲಿ ದಾಖಲಿಸುತ್ತಾರೆ. ಫೋನ್ ಇಲ್ಲದ ಅಜ್ಜಿ ಸಭೆಯಲ್ಲಿ ಹೇಳಿದ್ದೂ, ಹುಡುಗ ಮೊಬೈಲಿನಲ್ಲಿ ಬರೆದದ್ದೂ ಒಂದೇ ಪಟ್ಟಿಯಲ್ಲಿ. ಇನ್ನೊಂದು, ಪ್ರತಿ ಪ್ರಸ್ತಾವದ ಮೇಲೂ ಒಪ್ಪಿದೆ ಅಥವಾ ಇಲ್ಲ ಅನ್ನುವ ಗುರುತು, ಇಲ್ಲ ಅಂದರೆ ಕಾರಣ. ಬೇರೇನೂ ಬೇಡ, ಈ ಒಂದು ಗುಣಕ್ಕೇ ನಾನು ಡೆಸಿಡಿಮ್‌ಗೆ ಹೆಚ್ಚು ಅಂಕ ಕೊಡುವೆ.

ತಂತ್ರಾಂಶ ಬಿಟ್ಟಿ, ನಡೆಸುವುದು ಬಿಟ್ಟಿ ಅಲ್ಲ. ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವ ತಾಂತ್ರಿಕ ಕೈ ಬೇಕು, ಬಂದ ಪ್ರಸ್ತಾವ ಓದುವ ಜನ ಬೇಕು. ಟೆಂಡರ್ ಕರೆದು ತಾಣ ಕಟ್ಟಿಸಿ, ಉದ್ಘಾಟನೆ ಮಾಡಿ, ಆರು ತಿಂಗಳಲ್ಲಿ ಲಾಗಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಮರೆತುಹೋಗುವ ಕತೆ ನಮಗೆ ಹೊಸದಲ್ಲ. ಯಾರಾದರೂ ಮಾರಲು ಬಂದರೆ ಇಷ್ಟು ಕೇಳಿ: ಗುಂಡಿಗಳ ಮೇಲಿನ ಬರಹ ಸೇರಿ ಎಲ್ಲ ಕನ್ನಡದಲ್ಲಿ ಇದೆಯಾ, ಈಗಲೇ ತೋರಿಸಿ. ಹಳೆಯ ಸಾಧಾರಣ ಮೊಬೈಲಿನಲ್ಲಿ ತೆರೆಯುತ್ತದಾ, ಅದನ್ನೂ ತೋರಿಸಿ. ನಾಳೆ ನಿಮ್ಮ ಗುತ್ತಿಗೆ ಮುಗಿದರೆ ಜನ ಬರೆದದ್ದು ನಮ್ಮ ಕೈಗೆ ಯಾವ ರೂಪದಲ್ಲಿ ಬರುತ್ತದೆ?

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ 2015ರಲ್ಲಿ ಶುರು ಮಾಡಿದ 'ಮೈಸಿಟಿಮೈಬಜೆಟ್'. ಪಾಲಿಕೆಯ ಬಜೆಟ್ಟಿಗೆ ವಾರ್ಡುಗಳಿಂದ ಸಲಹೆ ಸಂಗ್ರಹಿಸುವ ಕೆಲಸ. ಆನ್‌ಲೈನ್ ಜೊತೆಗೆ ಬೀದಿಗೆ ಗಾಡಿಯನ್ನೂ ಕಳಿಸಿದ್ದರು, ಅದು ನನಗೆ ಮೆಚ್ಚುಗೆಯಾದ ಅಂಶ. ಆದರೆ ಸಲಹೆ ಕೊಡುವುದಕ್ಕೂ ದುಡ್ಡಿನ ಒಂದು ಪಾಲನ್ನು ಜನರ ಮತಕ್ಕೇ ಬಿಡುವುದಕ್ಕೂ ದೂರ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ವಾರ್ಡಿನಲ್ಲಿ ಉತ್ತರ ಕೊಡುವ ಕಾರ್ಪೊರೇಟರ್ ಇಲ್ಲದಿರುವಾಗ ಸಲಹೆಯನ್ನು ಯಾರ ಮುಂದೆ ಹಿಡಿಯುವುದು?

'ಉತ್ತರ ಕೊಡಬೇಕಾದವರು ಯಾರು' ಅನ್ನುವ ಆ ಮೊದಲ ಪ್ರಶ್ನೆಗೆ ಐಸ್‌ಲ್ಯಾಂಡ್‌ಗಿಂತ ದೊಡ್ಡ ಉದಾಹರಣೆ ಇಲ್ಲ. 2011ರಲ್ಲಿ 25 ಜನರ ಮಂಡಳಿ ಹೊಸ ಸಂವಿಧಾನದ ಕರಡು ಬರೆಯಿತು. ಬರೆದದ್ದನ್ನು ಆಗಾಗ ಅಂತರ್ಜಾಲದಲ್ಲಿ ಹಾಕಿ, ಫೇಸ್‌ಬುಕ್‌ನಲ್ಲಿ ಜನರ ಮಾತು ಕೇಳಿ ತಿದ್ದಿತು. ಜಗತ್ತೆಲ್ಲ ಹೊಗಳಿತು. 2012ರ ಅಕ್ಟೋಬರ್‌ನ ಜನಮತದಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿಗೆ ಸಿಕ್ಕಿತು. ಸಂಸತ್ತು ಅದನ್ನು ಅಂಗೀಕರಿಸಲೇ ಇಲ್ಲ. ಸಾಧನದಲ್ಲಿ ಒಂದು ತಪ್ಪೂ ಇರಲಿಲ್ಲ.

ಫೋನ್ ಯಾರ ಕೈಯಲ್ಲಿ?

ಯಾವ ಸಾಧನ ಆರಿಸಿದರೂ ಇದು ತಪ್ಪಿದ್ದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ 33, ಗಂಡಸರು ಶೇ 57. ಅಲ್ಲಿಂದೀಚೆಗೆ ಬಳಕೆ ಏರಿದೆ ನಿಜ. ಆದರೂ ಒಟಿಪಿ ಬರುವ ಫೋನು ಎಷ್ಟೋ ಮನೆಯಲ್ಲಿ ಯಜಮಾನರ ಜೇಬಿನಲ್ಲೇ. ಒಂದು ನಂಬರಿಗೆ ಒಂದು ಮತ ಅಂದರೆ ಅದು ಮನೆಗೊಂದು ಮತ, ಹಾಕುವುದು ಗಂಡಸರು. ನೀರಿನ ನಲ್ಲಿ ಎಲ್ಲಿ ಬೇಕು ಅಂತ ಕೇಳುವಾಗ ಹಾಗಾದರೆ ಹೇಗೆ?

ಪಂಚಾಯಿತಿಯವರು ಇದನ್ನು ಓದುತ್ತಿದ್ದರೆ ನೇರವಾಗಿ ಹೇಳುತ್ತೇನೆ: ನಿಮಗೆ ವಾರ್ಡ್ ಸಭೆ, ಗ್ರಾಮ ಸಭೆ ಕಾನೂನಿನಲ್ಲೇ ಇದೆ. ಆನ್‌ಲೈನ್ ಅದಕ್ಕೆ ಬದಲಿ ಆಗಬಾರದು. ದಿನಾಂಕ, ಕಾರ್ಯಸೂಚಿ ವಾಟ್ಸಾಪ್‌ನಲ್ಲಿ ಹೋಗಲಿ. ದುಬೈಗೋ ಬೆಂಗಳೂರಿಗೋ ಹೋದವರು ಧ್ವನಿ ಸಂದೇಶ ಕಳಿಸಲಿ, ಸಭೆಯಲ್ಲಿ ಹಾಕಿ ಕೇಳಿಸಿ. ಆದ ನಿರ್ಣಯದ ಫೋಟೋ ಸಂಜೆಯೊಳಗೆ ಗ್ರೂಪಿಗೆ ಬರಲಿ. ಇಷ್ಟೇ ಸಾಕು, ಬೇರೆ ಆ್ಯಪ್ ಬೇಡ.

ಅಪಾರ್ಟ್‌ಮೆಂಟ್, ಬಡಾವಣೆ ಸಂಘಗಳಿಗೆ ಫಾರ್ಮ್ ಮತ್ತು ಒಂದು ಮೇಜು (ಮೇಜು ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ). ವಾರ್ಡ್ ಮಟ್ಟದಲ್ಲಿ ಎರಡು ಬಣ ಹುಟ್ಟಿರುವ ವಿಷಯವಾದರೆ, ಒನ್‌ವೇ ರಸ್ತೆ, ಬೀದಿ ವ್ಯಾಪಾರಿಗಳ ಜಾಗ, ಇಂಥದ್ದಕ್ಕೆ ಪೋಲಿಸ್ ಒಮ್ಮೆ ಪ್ರಯತ್ನಿಸಿ. ಪಾಲಿಕೆಯ ಆಯುಕ್ತರು ನಿಜಕ್ಕೂ ಮನಸ್ಸು ಮಾಡಿದ್ದರೆ, ಒಂದಷ್ಟು ದುಡ್ಡು ಪಕ್ಕಕ್ಕಿಟ್ಟು ಡೆಸಿಡಿಮ್ ಅಥವಾ ಕಾನ್ಸುಲ್. ದುಡ್ಡು ಇಡದಿದ್ದರೆ ಬೇಡ.

ನಮ್ಮ ಗೇಟಿನ ಕತೆ ಏನಾಯಿತು? ಮತ್ತೆ ಕೇಳಿದೆವು. ಈ ಸಲ ಕನ್ನಡದಲ್ಲಿ ನಾಲ್ಕು ಪ್ರಶ್ನೆಯ ಫಾರ್ಮ್, ಅದೇ ಪ್ರಶ್ನೆ ಕಾಗದದಲ್ಲೂ. ಮೂರು ದಿನ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಬೀಗ ಹಾಕಿದ ಗೇಟಿನ ಹತ್ತಿರವೇ ಮೇಜು ಹಾಕಿ ಕೂತೆವು. ಬರೆಯಲು ಬಾರದವರದ್ದನ್ನು ಕೇಳಿ ಬರೆದುಕೊಂಡೆವು. ಗೇಟು ತೆರೆದಿದ್ದರೆ ತೊಂದರೆ ಅಂದವರೂ ಸುಳ್ಳು ಹೇಳಿರಲಿಲ್ಲ. ರಾತ್ರಿ ಒಂಬತ್ತರ ಮೇಲೆ ಅಲ್ಲಿ ಕುಡಿಯಲು ಕೂರುತ್ತಿದ್ದರು, ಗಲ್ಲಿಯ ಹೆಂಗಸರೇ ಅದನ್ನು ಹೇಳಿದರು. ಈಗ ಗೇಟು ಬೆಳಿಗ್ಗೆ ಐದೂವರೆಗೆ ತೆರೆಯುತ್ತದೆ, ರಾತ್ರಿ ಎಂಟೂವರೆಗೆ ಮುಚ್ಚುತ್ತದೆ. ಬೀಗದ ಕೈ ಇರುವುದು ಹೂ ಮಾರುವ ಅಜ್ಜಿಯ ಮನೆಯಲ್ಲಿ. ಗೇಟಿಗೆ ಹತ್ತಿರ ಇರುವುದು ಅವರೇ.